ಪಿಂಗಾಣಿ ಒಲೆ ಬೇಕೋ ಬೇಡವೋ

ಮಾರ್ಚ್ ೩, ಸೋಮವಾರ

ಕಪಾಟಿನ ತಳದಲ್ಲಿ ನಮ್ಮ ಪಿಂಗಾಣಿ ಕಾರ್ಖಾನೆಯ ಹಳೆಯ ರಿಜಿಸ್ಟರು ಸಿಕ್ಕಿತು. ನಿವೃತ್ತನಾದ ದಿನ ಯಾರೋ ಚೀಲಕ್ಕೆ ಹಾಕಿದ್ದು. ಖಾಲಿ. ಪ್ರತಿ ಪುಟದಲ್ಲೂ ಮೂರು ಕಾಲಮ್ಮು: ಗಟ್ಟಿ, ಸೀಳು, ಸಂಶಯ. ಗೆರೆಗಳನ್ನು ಲೆಕ್ಕಿಸದೆ ಅಡ್ಡಡ್ಡ ಬರೆಯುತ್ತಿದ್ದೇನೆ. ಬರೆಯುವುದಕ್ಕೆ ಏನೂ ಇಲ್ಲ. ನನ್ನಾಕೆ ಹೋಗಿ ನಾಲ್ಕು ತಿಂಗಳು ಹನ್ನೊಂದು ದಿನ.

ಎದ್ದೆ. ಬ್ರೆಡ್ಡು ತಿಂದೆ. ಮಧ್ಯಾಹ್ನ ಕುಕ್ಕರ್ ಇಟ್ಟು ಕೂತೆ. ಅದು ಕೂಗಲೇ ಇಲ್ಲ. ಸುಟ್ಟ ವಾಸನೆಗೆ ಎದ್ದು ನೋಡಿದರೆ ತಳ ಹತ್ತಿ ಇದ್ದಿಲಾಗಿತ್ತು. ಗ್ಯಾಸ್ಕೆಟ್ ಹೋಗಿರಬೇಕು. ಮತ್ತೆ ಬ್ರೆಡ್ಡು.

ಮಾರ್ಚ್ ೫, ಬುಧವಾರ

ಮನೆ ತಣ್ಣಗಿದೆ. ಗಡಿಯಾರವೂ ಸದ್ದು ನಿಲ್ಲಿಸಿದೆ, ಆದರೆ ಟೈಮು ಸರಿಯಾಗಿ ತೋರಿಸುತ್ತಿದೆ. ವಿಚಿತ್ರ. ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ಒಂದು ಒಳ್ಳೆಯ ಶಬ್ದ ಇತ್ತು. ಡಿಗ್ರಿ ಎರಡನೇ ವರ್ಷಕ್ಕೆ ಕಾಲೇಜು ಬಿಟ್ಟೆ, ಆ ಶಬ್ದ ಮೂರನೇ ವರ್ಷದಲ್ಲಿತ್ತೋ ಏನೋ.

ಜನರೂ ಈಗ ಮೆಲ್ಲಗೆ ಮಾತಾಡುತ್ತಾರೆ. ಹಾಲಿನವನು, ಬಸ್ಸಿನ ಕಂಡಕ್ಟರು, ಬ್ಯಾಂಕಿನ ಹುಡುಗಿ, ಎಲ್ಲರೂ ಬಾಯಿ ಅಲ್ಲಾಡಿಸಿ ಸುಮ್ಮನಾಗುತ್ತಾರೆ. ಸಾವಾದ ಮನೆಯವನು ಅಂತ ಮರ್ಯಾದೆ. ಕೆಳಮನೆಯವನು ಮಾತ್ರ ಮೇಲೆ ಹತ್ತಿ ಬಂದು ಟೀವಿ ಕಡೆ ಬೆರಳು ತೋರಿಸಿ ಏನೋ ಗೊಣಗಿದ. ಹೂಂ ಅಂದೆ. ನನ್ನಾಕೆ ಇದ್ದಿದ್ದರೆ ಮೊಣಕೈ ಮುಟ್ಟಿ, 'ಅವರು ಹೀಗಂತಿದ್ದಾರೆ ನೋಡಿ' ಅಂತ ಇನ್ನೊಂದು ಸಲ ಹೇಳುತ್ತಿದ್ದಳು. ಯಾರ ಮಾತನ್ನಾದರೂ ಎರಡು ಸಲ ಹೇಳುವುದು ಅವಳ ಅಭ್ಯಾಸ. ಮೊದಮೊದಲು ರೇಗುತ್ತಿದ್ದೆ.

ಮಾರ್ಚ್ ೬, ಗುರುವಾರ

ನಡೆಯಲು ಹೋದೆ. ಮೂಲೆಯ ಪಾತ್ರೆ ಅಂಗಡಿಯ ಗಾಜಿನ ಹಿಂದೆ ಹೊಸ ವಸ್ತು ಇಟ್ಟಿದ್ದಾರೆ. ಮೊಟ್ಟೆಯ ಆಕಾರ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ನನ್ನ ಎದೆಯೆತ್ತರ, ಕಡುಹಸಿರು ಮೆರುಗು. ನಡುವಿಗೆ ಕಬ್ಬಿಣದ ಪಟ್ಟಿ, ಹಿಂದೆ ಕೀಲು, ನೆತ್ತಿಯಲ್ಲಿ ಹೊಗೆಕಿಂಡಿ, ಕಾಲಡಿಯಲ್ಲಿ ಗಾಳಿಗೆ ಒಂದು ಸಣ್ಣ ಬಾಗಿಲು. ಸೆರಾಮಿಕ್ ಚಾರ್ಕೋಲ್ ಗ್ರಿಲ್ ಎಂದು ಬರೆದಿದೆ. ಅಂದರೆ ಇದ್ದಿಲ ಒಲೆಯೇ. ಮಣ್ಣಿನ ಹೊಟ್ಟೆ, ಪಿಂಗಾಣಿ ಚರ್ಮ. ಅಷ್ಟು ದಪ್ಪದ ಗೋಡೆ ಭಟ್ಟಿಯಲ್ಲಿ ಸೀಳದ ಹಾಗೆ ಸುಡಬೇಕಾದರೆ ಸುಟ್ಟವನು ತಾಳ್ಮೆಯವನೇ. ನಮ್ಮ ಕಾರ್ಖಾನೆಯಲ್ಲಿ ವಾಷ್‌ಬೇಸಿನ್ನಿನ ಗೋಡೆಗೇ ತಿಣುಕುತ್ತಿದ್ದರು.

ಬೆಲೆ ನೋಡಿದೆ. ನನ್ನ ನಾಲ್ಕು ತಿಂಗಳ ಪಿಂಚಣಿ. ಮನೆಗೆ ಬಂದೆ.

ಮಾರ್ಚ್ ೯, ಭಾನುವಾರ

ಯಾರೂ ಬರಲಿಲ್ಲ.

ಮೊದಲು ಪ್ರತಿ ಭಾನುವಾರ ಮಗಳು, ಅಳಿಯ, ಮೊಮ್ಮಗಳು ಮೂವರೂ ಬರುತ್ತಿದ್ದರು. ನನ್ನಾಕೆ ಹೋದ ಮೇಲೂ ಬರುತ್ತಿದ್ದರು. ಜನವರಿಯ ಕೊನೆಯ ಭಾನುವಾರ ಊಟವಾದ ಮೇಲೆ ನಾನು ನಲ್ಲಿ ಬಿಟ್ಟುಕೊಂಡು ತಟ್ಟೆ ತೊಳೆಯುತ್ತಿದ್ದೆ. ತಿರುಗಿದರೆ ಮಗಳು ಬೆನ್ನ ಹಿಂದೆಯೇ ನಿಂತಿದ್ದಾಳೆ. ಯಾವಾಗಿನಿಂದ ನಿಂತಿದ್ದಳೋ. ಕಣ್ಣು ಕೆಂಪಗಿತ್ತು. ನನ್ನ ಮುಖವನ್ನೇ ನೋಡುತ್ತಿದ್ದಳು. 'ಒರೆಸೋ ಬಟ್ಟೆ ಎಲ್ಲಿಟ್ಟೆ?' ಅಂದೆ. ಬಟ್ಟೆ ತಂದು ಕೈಗೆ ಕೊಟ್ಟಳು. ಚೀಲ ಎತ್ತಿಕೊಂಡಳು, ಮಗುವಿಗೆ ಚಪ್ಪಲಿ ಹಾಕಿಸಿದಳು, ಹೋದಳು. ಅವತ್ತೇ ಕೊನೆ. ಈಗ ಫೋನೂ ಮಾಡುವುದಿಲ್ಲ. ಫೋನು ಟೀವಿ ಪಕ್ಕದಲ್ಲಿ ಚಾರ್ಜಿಗೆ ಹಾಕಿದ್ದು ಹಾಗೇ ಬಿದ್ದಿದೆ.

ಯಾಕೆ ಅಂತ ಯೋಚಿಸಿದೆ. ಅವತ್ತು ಊಟಕ್ಕೆ ಅಂಗಡಿಯಿಂದ ತಂದ ತಣ್ಣಗಿನ ಪೊಟ್ಟಣ ಬಿಚ್ಚಿ ಇಟ್ಟಿದ್ದೆ. ಮದುವೆಯಾಗುವವರೆಗೂ ಆ ಮೇಜಿನ ಮೇಲೆ ಅಮ್ಮನ ಕೈಯಡುಗೆ ತಿಂದವಳು. ಅಳು ಬಂದಿರಬೇಕು. ಈ ಮನೆಯಲ್ಲಿ ಬಿಸಿಯಾದದ್ದು ಏನೂ ಇಲ್ಲ, ಬರುವುದಾದರೂ ಯಾತಕ್ಕೆ.

ಮಾರ್ಚ್ ೧೨, ಬುಧವಾರ

ಮತ್ತೆ ಆ ಅಂಗಡಿ. ಇವತ್ತು ಅಂಗಡಿಯಮ್ಮನೇ ಬಾಗಿಲಿಗೆ ಬಂದಳು.

'ಯಜಮಾನ್ರೇ, ದಿನಾ ಮೂಗು ಒತ್ತಿ ಒತ್ತಿ ಗಾಜಿನ ಮೇಲೆ ಒಂದು ಕಲೆ ಬಿದ್ದಿದೆ. ಒಳಗೆ ಬನ್ನಿ, ಇಲ್ಲಿ ಇಡೀ ಮುಖಕ್ಕೆ ಜಾಗ ಇದೆ.'

ಐವತ್ತರ ಆಸುಪಾಸು. ಗಂಟಲು ಅಂದರೆ ಗಂಟಲು, ಬೀದಿಯ ಆ ತುದಿಯವರೆಗೂ ಹೋಗುವಂಥದ್ದು. ಪಾತ್ರೆ ಅಂಗಡಿಯ ಗದ್ದಲದಲ್ಲೇ ಬೆಳೆದವಳಂತೆ. ಅವಳ ಮಾತು ಕೇಳಿ ಹಿತವಾಯಿತು. ಅವಳು ಸಾವಿನ ಮನೆಯ ಮರ್ಯಾದೆ ಏನೂ ಇಟ್ಟುಕೊಳ್ಳಲಿಲ್ಲ.

ಮುಚ್ಚಳ ಎತ್ತಿ ತೋರಿಸಿದಳು. ಒಂದು ಮುಷ್ಟಿ ಇದ್ದಿಲಿಗೆ ಆರು ಗಂಟೆ ಬಿಸಿ ನಿಲ್ಲುತ್ತದಂತೆ. ರೊಟ್ಟಿ, ಜೋಳದ ತೆನೆ, ಆಲೂಗಡ್ಡೆ, ಮೀನು, ಕೋಳಿ, ಯಾವುದು ಬೇಕಾದರೂ. 'ಗಾಳಿ ಬಾಗಿಲು ಇಷ್ಟೇ ಇಷ್ಟು ತೆಗೆದು ಕೂತ್ಕೊಳ್ಳಿ ಸಾಕು. ಗಂಡಸರಿಗೆ ಹೇಳಿ ಮಾಡಿಸಿದ ಒಲೆ. ಕೆಲಸ ಏನೂ ಇಲ್ಲ, ಯಜಮಾನಿಕೆ ಪೂರ್ತಿ.'

ಒಳಗೆ ಕೈ ಹಾಕಿ ನೋಡಿದೆ. ಕೈಗೆ ಗೊತ್ತಾಯಿತು, ಒಳ್ಳೆಯ ಮಣ್ಣು.

'ತಟ್ಟಿ ನೋಡ್ತೀರಾ?' ಅಂದಳು. ಬೇಡ ಅಂದೆ. ಕೊಳ್ಳುವ ಮನಸ್ಸಿಲ್ಲದೆ ತಟ್ಟಬಾರದು. ಅದು ನಮ್ಮ ಕಸುಬಿನ ನಿಯಮ. ಮೂವತ್ನಾಲ್ಕು ವರ್ಷ ಪಿಂಗಾಣಿ ಕಾರ್ಖಾನೆಯ ತಪಾಸಣೆ ಮೇಜಿನ ಹಿಂದೆ ನಿಂತಿದ್ದೆ ಅಂತ ಹೇಳಿದೆ. ಬೆರಳ ಗೆಣ್ಣಿನಿಂದ ಒಂದು ಪೆಟ್ಟು. ಗಟ್ಟಿ ಮಾಲು ಹಾಡುತ್ತದೆ, ಸೀಳು ಮಾಲು ಕೆಮ್ಮುತ್ತದೆ. ಕಣ್ಣಿಗೆ ಕಾಣದ ಸೀಳೂ ಕೆಮ್ಮಿ ತನ್ನನ್ನು ತೋರಿಸಿಕೊಳ್ಳುತ್ತದೆ.

'ಅಬ್ಬಾ, ಮಾಲಿನ ಡಾಕ್ಟ್ರು ನೀವು' ಅಂದಳು. ಸ್ಟೂಲು ಹಾಕಿ ಕೂರಿಸಿದಳು. ಒಂದು ಗಂಟೆ ಕೂತಿದ್ದೆ.

ಮಾರ್ಚ್ ೧೩, ಗುರುವಾರ

ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಯಾವ ವಿಷಯ ಕೊಟ್ಟರೂ ಅಡ್ವಾಂಟೇಜಸ್ ಅಂಡ್ ಡಿಸ್‌ಅಡ್ವಾಂಟೇಜಸ್ ಬರೆಸುತ್ತಿದ್ದರು. ಕರೆಂಟಿನ ಬಗ್ಗೆ, ಹಾಸ್ಟೆಲ್ ಜೀವನದ ಬಗ್ಗೆ, ಒಮ್ಮೆ ಚಳಿಗಾಲದ ಬಗ್ಗೆ. ಹಾಗೇ ಒಲೆಯ ಬಗ್ಗೆಯೂ ಬರೆದು ನೋಡೋಣ.

ಅಡ್ವಾಂಟೇಜು. ಭಾನುವಾರ ಅಳಿಯನನ್ನು ಅದರ ಮುಂದೆ ನಿಲ್ಲಿಸಬಹುದು, ಇಕ್ಕಳ ಹಿಡಿದುಕೊಂಡರೆ ಅವನಿಗೆ ಮಾತಾಡುವ ಕಷ್ಟ ಇರುವುದಿಲ್ಲ. ಮೊಮ್ಮಗಳಿಗೆ ಜೋಳದ ತೆನೆ ಇಷ್ಟ. ಮಗಳಿಗೆ ಏನಿಷ್ಟ ಅಂತ ನೆನಪು ಮಾಡಿಕೊಂಡೆ. ಸಿಗಲಿಲ್ಲ. ಅದು ನನ್ನಾಕೆಗೆ ಗೊತ್ತಿತ್ತು.

ಡಿಸ್‌ಅಡ್ವಾಂಟೇಜು. ತೂಕ ನೂರು ಕಿಲೋ, ಮನೆ ಮೊದಲನೇ ಮಹಡಿ. ಬಾಲ್ಕನಿ ತಡೆಯುತ್ತದೋ ಇಲ್ಲವೋ. ನಾಲ್ಕು ತಿಂಗಳ ಪಿಂಚಣಿ. ಒಬ್ಬನಿಗೆ ಆರು ಗಂಟೆ ಬಿಸಿ ಏತಕ್ಕೆ. ಡೆಸ್ಪೈಟ್ ಆಫ್ ದಿಸ್, ತಂದ ಮೇಲೂ ಅವರು ಬರದಿದ್ದರೆ?

ಟು ಕನ್‌ಕ್ಲೂಡ್ ಅಂತ ಬರೆದು ಪೆನ್ನು ಹಿಡಿದು ಕೂತೆ. ಮೇಷ್ಟ್ರು ಇಲ್ಲಿಗೆ ಬರುವಷ್ಟರಲ್ಲಿ ಯಾವಾಗಲೂ ಬೆಲ್ ಹೊಡೆದುಬಿಡುತ್ತಿತ್ತು.

ಮಾರ್ಚ್ ೧೬, ಭಾನುವಾರ

ಇಡೀ ದಿನ ಮನೆಯಲ್ಲೇ ಇದ್ದೆ, ಟೀವಿ ಮುಂದೆ. ಸಂಜೆ ಕಸ ಹಾಕಲು ಬಾಗಿಲು ತೆಗೆದರೆ ಚಿಲಕಕ್ಕೆ ಒಂದು ಚೀಲ ನೇತಾಡುತ್ತಿತ್ತು. ಒಳಗೆ ಡಬ್ಬಿ, ಡಬ್ಬಿಯಲ್ಲಿ ಅನ್ನ, ಪಲ್ಯ, ತಣ್ಣಗಾಗಿತ್ತು. ಮಗಳ ಚೀಲ.

ಬಂದವಳು ಒಂದು ಸಲ ಬಾಗಿಲು ಬಡಿಯಬಾರದಿತ್ತೇ. ನನ್ನ ಮುಖ ನೋಡುವುದೂ ಬೇಡ ಅನ್ನಿಸಿದೆ. ಸರಿ.

ಮಾರ್ಚ್ ೧೯, ಬುಧವಾರ

ಏನೂ ಇಲ್ಲ.

ಮಾರ್ಚ್ ೨೦, ಗುರುವಾರ

ಅಂಗಡಿಯಲ್ಲಿ ಕೂತಿದ್ದೆ. ಅಂಗಡಿಯಮ್ಮ ನನ್ನಾಕೆಯ ಬಗ್ಗೆ ಕೇಳಿದಳು. ಹೇಳಿದೆ. ಮಧ್ಯಾಹ್ನ ಮಲಗಿದ್ದಳು, ನಾನು ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದೆ, ನಾಲ್ಕು ಗಂಟೆಗೆ ಟೀ ಅಂತ ಎಬ್ಬಿಸಲು ಹೋದರೆ ಆಗಿಹೋಗಿತ್ತು. ಒಂದು ಸದ್ದಿಲ್ಲ. ಬಂದವರೆಲ್ಲ ಪುಣ್ಯವಂತೆ ಅಂದರು, ಯಾರನ್ನೂ ಕೂಗದೆ, ಯಾರಿಗೂ ತೊಂದರೆ ಕೊಡದೆ ಹೋದಳು ಅಂದರು.

'ಅಳು ಬರುತ್ತಾ ನಿಮಗೆ?' ಅಂದಳು ಅಂಗಡಿಯಮ್ಮ. ಹಾಗೆಲ್ಲ ಕೇಳುವವಳು ಅವಳು.

'ಇಲ್ಲ' ಅಂದೆ. ನಿಜ. ಹಲ್ಲು ಕೀಳಲು ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಇರುತ್ತದಲ್ಲ, ಮುಟ್ಟಿದರೆ ಬೇರೆಯವರ ಕೆನ್ನೆ ಅನ್ನಿಸುತ್ತದೆ, ಹಾಗೆ.

ಒಲೆ ತೆಗೆದುಕೊಳ್ಳೋಣ ಅಂದುಕೊಂಡೆ. ಬ್ಯಾಂಕಿಗೆ ಸೋಮವಾರ ಹೋಗಬೇಕು.

ಮಾರ್ಚ್ ೨೨, ಶನಿವಾರ

ಇವತ್ತು ಹಲ್ಲಿನ ಡಾಕ್ಟರು ಬಂದಿದ್ದ. ಎದುರು ಬೀದಿಯಲ್ಲಿ ಕ್ಲಿನಿಕ್ಕು, ಎಳೆಯ ವಯಸ್ಸು, ದುಬಾರಿ ಬೂಟು. ಒಲೆಯ ಸುತ್ತ ಎರಡು ಸುತ್ತು ಹಾಕಿ, ಕಾರ್ಡು ತೆಗೆದು ಕೌಂಟರಿನ ಮೇಲೆ ಇಟ್ಟ. ಅಷ್ಟೇ. ನನಗೆ ಹದಿನೈದು ದಿನ ಹಿಡಿದ ವಿಚಾರ ಅವನಿಗೆ ಎರಡು ನಿಮಿಷ. ಅಂಗಡಿಯಲ್ಲಿ ಇದ್ದದ್ದು ಅದೊಂದೇ.

ಅಂಗಡಿಯಮ್ಮ ನನ್ನ ಕಡೆ ನೋಡಲಿಲ್ಲ. ನೋಡಿದ್ದರೂ ನಾನೇನು ಹೇಳುತ್ತಿದ್ದೆ. ಬಾಯಿಬಿಟ್ಟು ಕೊಳ್ಳುತ್ತೇನೆ ಅಂತ ಅವಳಿಗೆ ಒಂದು ದಿನವೂ ಹೇಳಿರಲಿಲ್ಲ.

'ಡಾಕ್ಟ್ರೇ, ನಿಮ್ಮ ಅದೃಷ್ಟ ಚೆನ್ನಾಗಿದೆ' ಅಂದಳು. 'ಈ ಯಜಮಾನ್ರು ಪಿಂಗಾಣಿ ಕಾರ್ಖಾನೇಲಿ ಮೂವತ್ನಾಲ್ಕು ವರ್ಷ ಮಾಲು ತಟ್ಟಿ ನೋಡಿದವರು. ಇವರ ಕೈಯಲ್ಲೇ ತಟ್ಟಿಸಿ ಕೊಡ್ತೀನಿ. ಕಂಪನಿ ಗ್ಯಾರಂಟಿ ಒಂದು, ಇವರ ಗ್ಯಾರಂಟಿ ಇನ್ನೊಂದು.'

ಎದ್ದು ಹೋದೆ. ನಿವೃತ್ತನಾದ ಒಂಬತ್ತು ವರ್ಷದ ಮೇಲೆ ಗೆಣ್ಣು ಮಡಿಸಿದೆ. ಹೊಟ್ಟೆಯ ಮೇಲೆ ಒಂದು ಪೆಟ್ಟು. ಮುಚ್ಚಳದ ಮೇಲೆ ಒಂದು. ಪಕ್ಕಕ್ಕೆ ಒಂದು.

ಕೆಮ್ಮಿತು. ಕೆಮ್ಮು ಕೂಡ ಅಲ್ಲ, ಮರಳಿನ ಚೀಲಕ್ಕೆ ಗುದ್ದಿದ ಹಾಗೆ.

'ಸೀಳಿದೆ' ಅಂದೆ.

ಡಾಕ್ಟರು ಏನೋ ಅಂದ. ಅಂಗಡಿಯಮ್ಮ ಅದನ್ನೇ ಜೋರಾಗಿ ಹೇಳಿದಳು: 'ಸದ್ದು ಚೆನ್ನಾಗೇ ಬಂತಲ್ಲ ಅಂತಿದ್ದಾರೆ?'

'ಹಲ್ಲು ಅವರದು, ಪಿಂಗಾಣಿ ನಂದು' ಅಂದೆ. 'ಹೊಟ್ಟೆಯೊಳಗೇ ಸೀಳಿದೆ. ಮೂರನೇ ಸಲ ಬೆಂಕಿ ಹಾಕಿದರೆ ಎರಡು ಹೋಳು.'

ಡಾಕ್ಟರು ಕಾರ್ಡು ವಾಪಸು ಜೇಬಿಗೆ ಹಾಕಿಕೊಂಡು ಹೋದ. ಅಂಗಡಿಯಮ್ಮ ನನಗೆ ಟೀ ತರಿಸಿದಳು. 'ಪುಣ್ಯಾತ್ಮರು, ನನ್ನ ಅಂಗಡಿ ಮರ್ಯಾದೆ ಉಳಿಸಿದ್ರಿ. ಕಂಪನಿಗೆ ಇವತ್ತೇ ಫೋನ್ ಮಾಡ್ತೀನಿ.'

ಮಾರ್ಚ್ ೨೩, ಭಾನುವಾರ

ನಮ್ಮ ಕಾರ್ಖಾನೆಯಲ್ಲಿ ಒಂದು ರೂಲಿತ್ತು. ಗಟ್ಟಿ ಮಾಲನ್ನು ಸೀಳು ಅಂತ ತಳ್ಳಿದರೆ, ತಳ್ಳಿದವನೇ ಅದನ್ನು ಪೂರ್ತಿ ಬೆಲೆಗೆ ಕೊಂಡು ಮನೆಗೆ ಹೊತ್ತುಕೊಂಡು ಹೋಗಬೇಕು. ಸಂಬಳದಲ್ಲಿ ಮುರಿಯುತ್ತಿದ್ದರು. ಕೆಲವರ ಮನೆ ಬೇಸಿನ್ನುಗಳಿಂದ ತುಂಬಿತ್ತು. ನಾನು ಮೂವತ್ನಾಲ್ಕು ವರ್ಷದಲ್ಲಿ ಒಂದನ್ನೂ ತರಲಿಲ್ಲ.

ಇದನ್ನು ಯಾಕೆ ಬರೆದೆ ಅಂದರೆ, ನಿನ್ನೆಯಿಂದ ಒಂದು ಯೋಚನೆ. ಡಾಕ್ಟರು ಕೊಳ್ಳುವುದು ನನಗೆ ಬೇಡವಾಗಿತ್ತು. ಅದಕ್ಕೇ ಕೆಮ್ಮು ಕೇಳಿಸಿತೇ? ಇಲ್ಲ, ಎದೆಯ ಮೇಲೆ ಕೈಯಿಟ್ಟು ಹೇಳುತ್ತೇನೆ, ಅದು ಹಾಡಲಿಲ್ಲ.

ಇವತ್ತೂ ಯಾರೂ ಬರಲಿಲ್ಲ. ಚಿಲಕದಲ್ಲಿ ಚೀಲವೂ ಇಲ್ಲ.

ಮಾರ್ಚ್ ೨೯, ಶನಿವಾರ

ಕೆಟ್ಟ ಮಾಲನ್ನು ಒಡೆದು, ಚೂರುಗಳ ಫೋಟೋ ಕಳಿಸಿದರೆ ಹೊಸದು ಕೊಡುತ್ತೇವೆ ಅಂತ ಕಂಪನಿಯವರು ಹೇಳಿದರಂತೆ. ವಾಪಸು ಸಾಗಿಸುವ ಖರ್ಚು ಅವರಿಗೆ ಬೇಡ, ಅಂಗಡಿಯವರು ಅದನ್ನೇ ಇನ್ನೊಬ್ಬರಿಗೆ ಮಾರುವುದೂ ಬೇಡ. ಅಂಗಡಿಯಮ್ಮ ಗೋಡೆ ಒಡೆಯುವ ಆಳೊಬ್ಬನನ್ನು ಕರೆಸಿದ್ದಳು. ನನ್ನನ್ನೂ ಕರೆದಳು, ಸೀಳು ಎಲ್ಲಿದೆ ಅಂತ ತೋರಿಸಲು.

ಅಂಗಡಿಯ ಹಿಂದಿನ ಓಣಿ. ಒಲೆಯನ್ನು ಗೋಣಿಯ ಮೇಲೆ ಅಡ್ಡ ಮಲಗಿಸಿದ್ದರು. ಆಳು ಅಗಲ ಭುಜದವನು, ದೊಡ್ಡ ಸುತ್ತಿಗೆ. ಒಂದೇ ಏಟಿಗೆ ಹೋಗುತ್ತದೆ ಅಂತ ನಾನೇ ಹೇಳಿದ್ದೆ.

ಮೊದಲ ಏಟು ಹಾಕಿದ. ಒಲೆ ಹಾಗೇ ಇತ್ತು. ಅಂಗಡಿಯಮ್ಮ ಎರಡೂ ಕಿವಿ ಮುಚ್ಚಿಕೊಂಡಳು. ಎರಡನೇ ಏಟಿಗೆ ಎದುರಿನ ದರ್ಜಿ ಹೊರಗೆ ಬಂದ, ಅವನೂ ಕಿವಿ ಮುಚ್ಚಿಕೊಂಡ. ನಾಯಿಯೊಂದು ಬಾಲ ಒಳಗೆ ಸೇರಿಸಿಕೊಂಡು ಓಡಿತು. ಮೇಲಿನ ಕಿಟಕಿಯಲ್ಲಿ ಒಬ್ಬ ಹೆಂಗಸು ಮಗುವಿನ ಕಿವಿಗೆ ಅಂಗೈ ಒತ್ತಿ ಹಿಡಿದು ಕೆಳಗೆ ಬೈಯುತ್ತಿದ್ದಳು. ಬಾಯಿ ಕಾಣುತ್ತಿತ್ತು.

ನಾನು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ನನ್ನ ಕಿವಿಗೆ ಬರುತ್ತಿದ್ದದ್ದು ದಿಂಬಿಗೆ ಗುದ್ದಿದ ಸದ್ದು. ಇವರೆಲ್ಲ ಯಾಕೆ ಇಷ್ಟು ಆಡುತ್ತಿದ್ದಾರೆ ಅಂದುಕೊಂಡೆ.

ಇಪ್ಪತ್ಮೂರು ಏಟು ಎಣಿಸಿದೆ. ಆಳಿನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಇಪ್ಪತ್ಮೂರಕ್ಕೆ ಒಡೆಯಿತು. ಹದಿನೇಳು ಚೂರು.

ಮಂಡಿಯೂರಿ ಕೂತು ಒಂದೊಂದನ್ನೇ ಎತ್ತಿ ನೋಡಿದೆ. ಹಳೆಯ ಸೀಳಿದ್ದರೆ ಅಂಚಿನಲ್ಲಿ ಮಾಸಲು ಗೆರೆ ಇರುತ್ತದೆ, ಧೂಳು ಕುಡಿದ ಗೆರೆ. ಯಾವ ಚೂರಿನಲ್ಲೂ ಇರಲಿಲ್ಲ. ಎಲ್ಲ ಅಂಚೂ ಆಗತಾನೇ ಹೆಚ್ಚಿದ ಮೂಲಂಗಿಯ ಹಾಗೆ ಬೆಳ್ಳಗೆ. ಇನ್ನೊಂದು ಸಲ ಹದಿನೇಳನ್ನೂ ನೋಡಿದೆ.

'ಸದ್ದು ಹೇಗಿತ್ತು?' ಅಂತ ಆಳನ್ನು ಕೇಳಿದೆ. ಅವನ ತುಟಿ ಅಲ್ಲಾಡಿತು. ಅಂಗಡಿಯಮ್ಮನ ಕಡೆ ತಿರುಗಿದೆ.

'ಹೇಗಿತ್ತು ಅಂದ್ರೆ ಏನು ಹೇಳ್ಲಿ ಯಜಮಾನ್ರೇ. ದೊಡ್ಡ ಗಂಟೆ ಬಾರಿಸಿದ ಹಾಗಿತ್ತು. ಕಿವಿ ಇನ್ನೂ ಗುಂಯ್ ಅಂತಿದೆ.' ಅಂದವಳು ನನ್ನನ್ನೇ ನೋಡುತ್ತ ಮೆಲ್ಲಗೆ ಏನೋ ಕೇಳಿದಳು. ಬಹುಶಃ ಮೊದಲ ಸಲ ಅವಳು ಮೆಲ್ಲಗೆ ಮಾತಾಡಿದ್ದು. ನನ್ನ ಕಿವಿಗೆ ಏನೂ ಬರಲಿಲ್ಲ.

ಮಾರ್ಚ್ ೩೦, ಭಾನುವಾರ

ಗಡಿಯಾರವನ್ನು ಗೋಡೆಯಿಂದ ಇಳಿಸಿ ಕೆನ್ನೆಗೆ ಒತ್ತಿಕೊಂಡೆ. ಮುಳ್ಳು ಅದುರುವುದು ಚರ್ಮಕ್ಕೆ ತಿಳಿಯಿತು.

ಸ್ಟೀಲ್ ಮುಚ್ಚಳ ನೆಲಕ್ಕೆ ಹಾಕಿದೆ. ಸುತ್ತಿ ಸುತ್ತಿ ನಿಂತಿತು. ಸಿನಿಮಾದಲ್ಲಿ ಸದ್ದು ಹೋದ ಹಾಗೆ.

ನಲ್ಲಿ ಬಿಟ್ಟು ಕಣ್ಣು ಮುಚ್ಚಿದೆ. ಹರಿಯುತ್ತಿದೆಯೋ ನಿಂತಿದೆಯೋ ಹೇಳಲಾಗಲಿಲ್ಲ. ಕೈ ಒಡ್ಡಿ ನೋಡಬೇಕಾಯಿತು.

ಆಮೇಲೆ ಬಾಲ್ಕನಿಯ ಕುರ್ಚಿಯಿಂದ ಮಲಗುವ ಕೋಣೆಗೆ ನಡೆದು ನೋಡಿದೆ. ಒಂಬತ್ತು ಹೆಜ್ಜೆ. ಮಧ್ಯದಲ್ಲಿ ಒಂದು ಬಾಗಿಲು, ಅದೂ ತೆರೆದಿತ್ತು ಅವತ್ತು.

ಸದ್ದಿಲ್ಲದೆ ಹೋದಳು ಅಂತ ಎಲ್ಲರಿಗೂ ಹೇಳಿದವನು ನಾನು. ಮನೆಯಲ್ಲಿ ಇನ್ನಾರೂ ಇರಲಿಲ್ಲ. ನಾನು ಹೇಳಿದ್ದನ್ನೇ ಅವರು ತಿರುಗಿ ನನಗೆ ಹೇಳಿದರು.

ಕೂಗಿದಳೋ? ಸಂಶಯದ ಕಾಲಮ್ಮಿನಲ್ಲಿ ಬರೆದಿದ್ದೇನೆ. ಬೇರೆ ಎಲ್ಲಿ ಬರೆಯುವುದೋ ತಿಳಿಯ‍ಲಿಲ್ಲ.

ಏಪ್ರಿಲ್ ೨, ಬುಧವಾರ

ಬ್ಯಾಂಕಿನಲ್ಲಿ ಬೇಕಾದೀತು ಅಂತ ಫೋನನ್ನು ಜೇಬಿಗೆ ಹಾಕಿಕೊಂಡಿದ್ದೆ. ಬ್ಯಾಂಕಿಗೆ ಹೋಗಿ, ಅಲ್ಲಿಂದ ಅಂಗಡಿಗೆ. ಕಂಪನಿಯವರು ಫೋಟೋ ನೋಡಿ ಮಾಲಿನಲ್ಲಿ ದೋಷವಿರಲಿಲ್ಲ, ಹೊಸದು ಕೊಡುವುದಿಲ್ಲ ಅಂದರಂತೆ. ಅವರದು ಸರಿ. ದುಡ್ಡು ಕೌಂಟರಿನ ಮೇಲೆ ಇಟ್ಟೆ.

'ಇದೇನು?' ಅಂದಳು.

'ಒಲೆಯ ದುಡ್ಡು. ಗಟ್ಟಿ ಮಾಲನ್ನ ತಳ್ಳಿದವನು ಕೊಳ್ಳಬೇಕು. ರೂಲು.'

'ಯಾವ ಊರಿನ ರೂಲು ಸ್ವಾಮಿ? ಕಾರ್ಖಾನೆ ಬಾಗಿಲು ಹಾಕಿ ಐದು ವರ್ಷ ಆಯ್ತು.' ಸಿಟ್ಟಿತ್ತು ಅವಳ ಮುಖದಲ್ಲಿ, ಸುಳ್ಳು ಹೇಳುವುದಿಲ್ಲ. 'ನಿಮ್ಮನ್ನ ನಂಬಿ ಒಡೆಸಿದೆ. ಎರಡು ರಾತ್ರಿ ನಿಮ್ಮನ್ನ ಬೈದಿದ್ದೀನಿ. ಆದ್ರೆ ಡಾಕ್ಟ್ರು ಸರಿ ಇದೆ ಅಂದಾಗ ಅವರ ಮಾತು ಕೇಳದೇ ಇದ್ದದ್ದು ನಾನು. ಅರ್ಧ ಕೊಡಿ.'

ಅರ್ಧಕ್ಕೆ ಅರ್ಧ ಒಲೆ ಬರುತ್ತದೆ, ನನಗೆ ಪೂರ್ತಿ ಬೇಕು ಅಂದೆ. ಅವಳಿಗೆ ನಗು ತಡೆಯಲಾಗಲಿಲ್ಲ. ಎಣಿಸಿ ಒಳಗಿಟ್ಟಳು, ರಸೀದಿ ಬರೆದಳು. ಹದಿನೇಳು ಚೂರು ಮೂರು ಗೋಣಿಯಲ್ಲಿ ಕಟ್ಟಿಸಿ ಆಟೋಗೆ ಹಾಕಿಸಿದಳು. ಕಬ್ಬಿಣದ ಸ್ಟ್ಯಾಂಡು ಏನೂ ಆಗಿಲ್ಲ, ಅದನ್ನೂ ಕೊಟ್ಟಳು. ಬೇಕೋ ಬೇಡವೋ ಅನ್ನುವುದು ಮುಗಿಯಿತು. ಕೊಂಡಾಯಿತು.

ಹೊರಡುವಾಗ ಕಿವಿಯ ಹತ್ತಿರ ಬಂದು ಕೂಗಿದಳು: 'ಮಗಳಿಗೆ ಹೇಳಿದ್ರಾ ಕಿವಿ ವಿಷಯ?'

'ಅವಳು ಫೋನೇ ಮಾಡಲ್ಲ' ಅಂದೆ.

'ಎಲ್ಲಿ, ಕೊಡಿ ಫೋನು.' ಜೇಬಿನಿಂದ ತಾನೇ ತೆಗೆದುಕೊಂಡು ಬೆರಳಾಡಿಸಿದಳು. ಪರದೆಯನ್ನು ನನ್ನ ಕಣ್ಣ ಮುಂದೆ ಹಿಡಿದಳು. ಕೆಂಪಕ್ಷರದಲ್ಲಿ ಮಗಳ ಹೆಸರು, ಅದರ ಕೆಳಗೆ ಮತ್ತೆ ಮಗಳ ಹೆಸರು, ಮೇಲಿನಿಂದ ಕೆಳಗಿನವರೆಗೂ ಅದೇ. 'ಮೂವತ್ತೊಂದು ಸಲ ಮಾಡಿದ್ದಾರೆ ಯಜಮಾನ್ರೇ. ಇವತ್ತು ಬೆಳಿಗ್ಗೆ ಕೂಡ.'

ಏಪ್ರಿಲ್ ೩, ಗುರುವಾರ

ಎರಡು ಬಸ್ಸು ಬದಲಾಯಿಸಿ ಮಗಳ ಆಫೀಸಿಗೆ ಹೋದೆ. ಅವಳದು ಗ್ರಂಥಾಲಯದಲ್ಲಿ ಕೆಲಸ, ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೌಂಟರು. ಉದ್ದನೆಯ ಹಾಲು, ಉದ್ದನೆಯ ಮೇಜುಗಳು, ಇಪ್ಪತ್ತೈದು ಮೂವತ್ತು ಜನ ತಲೆ ತಗ್ಗಿಸಿ ಓದುತ್ತಿದ್ದರು. ಗೋಡೆಯಲ್ಲಿ ಸೈಲೆನ್ಸ್ ಅಂತ ಬೋರ್ಡು. ಆ ಶಬ್ದ ನನಗೆ ಬರುತ್ತದೆ, ಮೊದಲನೇ ವರ್ಷದ್ದು.

ಮಗಳು ತಲೆಯೆತ್ತಿದಳು. ಎದ್ದು ನಿಂತಳು. ಏನೋ ಕೇಳಿದಳು.

'ನನಗೆ ಕಿವಿ ಕೇಳಿಸಲ್ಲ. ಬಹಳ ದಿನದಿಂದ. ಮೊನ್ನೆ ಗೊತ್ತಾಯ್ತು. ಬರೆದು ಕೊಡು' ಅಂದೆ.

ಅವಳು ನನ್ನ ಮುಖ ನೋಡಿದಳು, ಅವತ್ತು ಅಡುಗೆಮನೆಯಲ್ಲಿ ನೋಡಿದ ಹಾಗೇ. ಪುಸ್ತಕಕ್ಕೆ ಅಂಟಿಸುವ ಚೀಟಿಗಳ ಕಟ್ಟು ಎಳೆದುಕೊಂಡು ಬರೆದಳು: 'ಮೂರು ಸಲ ಬಂದು ಬಾಗಿಲು ಬಡಿದೆ. ಟೀವಿ ಸದ್ದು ಬೀದಿವರೆಗೂ ಕೇಳ್ತಿತ್ತು. ಒಳಗೆ ಇದ್ದೂ ತೆಗೀತಿಲ್ಲ ಅಂದ್ಕೊಂಡೆ.'

'ಕೇಳಿಸಿದ್ರೆ ತೆಗೆಯದೆ ಇರ್ತಿದ್ನಾ' ಅಂದೆ.

ಇನ್ನೊಂದು ಚೀಟಿ. ಬರೆದಳು, ಹೊಡೆದು ಹಾಕಿದಳು, ಮತ್ತೊಂದು ತೆಗೆದುಕೊಂಡಳು. ಅವಳ ಅಕ್ಷರ ಅಮ್ಮನ ಅಕ್ಷರದ ಹಾಗೆ, ಬಲಕ್ಕೆ ವಾಲುತ್ತದೆ. ಚೀಟಿಯನ್ನು ನನ್ನ ಕಡೆ ತಿರುಗಿಸಿದಳು.

'ಜನವರೀಲಿ ನಿನ್ನ ಬೆನ್ನ ಹಿಂದೆ ನಿಂತು ಕೇಳಿದ್ದೆ. ಅಮ್ಮ ಹೋದ ದಿನ ಬೆಳಿಗ್ಗೆ ನಂಗೆ ಫೋನ್ ಮಾಡಿದ್ಲು, ಎದೆ ಒಂಥರಾ ಆಗ್ತಿದೆ ಅಂದ್ಲು. ಸಂಜೆ ಕೆಲಸ ಮುಗಿಸಿ ಬರ್ತೀನಿ ಅಂದೆ. ನನ್ನಿಂದಲೇ ಹೋದ್ಲಾ ಅಪ್ಪ ಅಂತ ಕೇಳಿದೆ. ನೀನು ಒರೆಸೋ ಬಟ್ಟೆ ಕೇಳಿದೆ.'

ಎರಡು ಸಲ ಓದಿದೆ. ಅವಳು ಕೌಂಟರಿನ ಅಂಚನ್ನು ಹಿಡಿದುಕೊಂಡಿದ್ದಳು.

ಬೇರೆಯವರಿಗೆ ತೊಂದರೆಯಾಗಬಾರದು ಅಂತ ಮೆಲ್ಲಗೆ, ಅವಳಿಗೆ ಮಾತ್ರ ಕೇಳುವ ಹಾಗೆ ಹೇಳಿದೆ: 'ನಿನ್ನಿಂದಲ್ಲ ಮಗಳೇ. ನೀನು ಎರಡು ಬಸ್ಸಿನ ದೂರದಲ್ಲಿದ್ದೆ. ನಾನು ಒಂಬತ್ತು ಹೆಜ್ಜೆ ಆಚೆ ಕೂತಿದ್ದೆ. ನಿಮ್ಮಮ್ಮ ಕೂಗಿದ್ರೂ ಕೂಗಿರ್ಬಹುದು. ನಂಗೆ ಕೇಳಿಸ್ಲಿಲ್ಲ.'

ಯಾಕೋ ಏನೋ, ಓದುತ್ತಿದ್ದವರೆಲ್ಲ ಒಟ್ಟಿಗೆ ತಲೆಯೆತ್ತಿದರು. ಕಿಟಕಿಯ ಹತ್ತಿರ ಪೇಪರ್ ಹಿಡಿದಿದ್ದ ಒಬ್ಬ ವಯಸ್ಸಾದವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕಾವಲಿನವನು ನನ್ನ ಕಡೆ ಬರುತ್ತಿದ್ದವನು ಅರ್ಧದಲ್ಲೇ ನಿಂತ.

ಮಗಳು ಕೌಂಟರು ಸುತ್ತಿಕೊಂಡು ಈಚೆ ಬಂದಳು. ನನ್ನ ಅಂಗಿಯ ತೋಳು ಹಿಡಿದುಕೊಂಡು ತಲೆ ತಗ್ಗಿಸಿದಳು. ಬೆನ್ನು ಅಲ್ಲಾಡುತ್ತಿತ್ತು. ಕೆನ್ನೆಯ ಮೇಲೆ ಏನೋ ಇಳಿಯುತ್ತಿದೆ ಅಂತ ಕೈಯಿಟ್ಟು ನೋಡಿದೆ, ಒದ್ದೆಯಾಗಿತ್ತು.

ಎಷ್ಟೋ ಹೊತ್ತಿನ ಮೇಲೆ ಅವಳು ಮೂಗೊರೆಸಿಕೊಂಡು ಮತ್ತೆ ಬರೆದಳು. 'ಮಂಗಳವಾರ ಕಿವಿ ಡಾಕ್ಟರ ಹತ್ತಿರ ಹೋಗೋಣ. ಇವತ್ತು ಸಂಜೆ ಮನೆಗೆ ಬರ್ತೀನಿ. ಬಾಗಿಲು ಬಡಿಯಲ್ಲ. ಬೀಗದ ಕೈ ಕೊಡು.'

ಜೇಬಿನಿಂದ ತೆಗೆದು ಕೊಟ್ಟೆ. ಅವಳು ಅದನ್ನು ತನ್ನ ಕೊರಳಿನ ಗುರುತಿನ ಚೀಟಿಯ ದಾರಕ್ಕೆ ಪೋಣಿಸಿಕೊಂಡಳು.

ಎರಡು ಬಸ್ಸು ಬದಲಾಯಿಸಿ ಬಂದು, ಮೆಟ್ಟಿಲು ಹತ್ತಿ, ಜೇಬಿಗೆ ಕೈ ಹಾಕಿದಾಗ ನೆನಪಾಯಿತು. ನನ್ನಾಕೆಯ ಕೀ ಒಳಗೆ ಮೊಳೆಗೆ ತೂಗುತ್ತಿದೆ, ನನ್ನದು ಮಗಳ ಕೊರಳಲ್ಲಿದೆ. ಗ್ರಂಥಾಲಯ ಮುಚ್ಚುವುದು ಆರಕ್ಕೆ. ಆಗಿನ್ನೂ ಎರಡೂವರೆ. ಮೆಟ್ಟಿಲ ಮೇಲೆ ಕೂತೆ.

ಕೆಳಮನೆಯವನು ನೋಡಿ ಒಂದು ಕುರ್ಚಿ ತಂದಿಟ್ಟ. ಏನೋ ಕೇಳಿದ. ಹೂಂ ಅನ್ನಲು ಬಾಯಿ ತೆರೆದವನು, 'ಜೋರಾಗಿ ಹೇಳಿ, ನಂಗೆ ಕಿವಿ ಕೇಳಲ್ಲ' ಅಂದೆ. ಅವನಿಗೆ ಆಶ್ಚರ್ಯವಾಗಲಿಲ್ಲ. ಬಗ್ಗಿ ಕಿವಿಯ ಹತ್ತಿರ ಕೂಗಿದ:

'ಯಾರಿಗೆ ಕಾಯ್ತಿದ್ದೀರಿ ಅಂದೆ.'

'ಮಗಳಿಗೆ' ಅಂದೆ.